ಗುಂಡಣ್ಣನವರ ಮಾತಾಡುವ ಪ್ಲಗ್ಗು

ಹೊಟ್ಟೆಕಿಚ್ಚು ಯಾರಿಗಿಲ್ಲ? ಆದರೆ ತ್ಯಾಗರಾಜನಗರದ ಗುಂಡಣ್ಣನವರಿಗೆ ಇದ್ದಂಥದ್ದು ಭೂಮಂಡಲದಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಇದ್ದಿದ್ದರೆ ಭೂಮಂಡಲ ಉಳಿಯುತ್ತಿರಲಿಲ್ಲ. ಅದರ ಮೇಲೆ ಒಂದು ಹಂಡೆ ಇಟ್ಟಿದ್ದರೆ ಬನಶಂಕರಿಯಿಂದ ಜಯನಗರದವರೆಗೆ ಮನೆಮನೆಯ ಸ್ನಾನಕ್ಕೂ ನೀರು ಕಾಯುತ್ತಿತ್ತು, ಈ ಕಥೆಯಲ್ಲಿ ಬರುವ ಗೀಸರಿನ ಗೊಡವೆಯೇ ಇರುತ್ತಿರಲಿಲ್ಲ.

ಆ ಕಿಚ್ಚಿಗೆ ಕಾರಣ ಷಡ್ಡಕ ಶಿವರಾಮ. ಗುಂಡಣ್ಣನವರ ಹೆಂಡತಿ ಸೀತಾಲಕ್ಷ್ಮಿಯ ತಂಗಿ ವಿಭಾಳನ್ನು ಮದುವೆಯಾದ ದಿನದಿಂದ ಅವನದು ಒಂದೇ ಕಸುಬು, ಗುಂಡಣ್ಣನವರಿಗಿಂತ ಒಂದು ಕೈ ಮೇಲಾಗುವುದು. ಇವರು ಸ್ಕೂಟರ್ ಕೊಂಡರೆ ಅವನು ಕಾರು ಕೊಂಡ. ಇವರು ಮನೆಗೆ ಸುಣ್ಣ ಹೊಡೆಸಿದರೆ ಅವನು ಮನೆಯನ್ನೇ ಬದಲಾಯಿಸಿ ಪುಟ್ಟೇನಹಳ್ಳಿಯ ಕೆರೆ ಕಾಣುವ ಫ್ಲಾಟಿಗೆ ಹೋದ. ಇವರಿಗೆ ಸಕ್ಕರೆ ಕಾಯಿಲೆ ಬಂದರೆ, ಅವನಿಗೆ ಇವರ ಡಾಕ್ಟರಿಗಿಂತ ದೊಡ್ಡ ಡಾಕ್ಟರು ನೋಡುವ ಕಾಯಿಲೆ ಬಂತು. ಕಾಯಿಲೆಯಲ್ಲೂ ಗೆಲ್ಲಗೊಡದ ಇಂಥ ಮನುಷ್ಯನನ್ನು ಏನು ಮಾಡುವುದು?

ದೀಪಾವಳಿ ಹತ್ತಿರವಾಗಿತ್ತು. ಜಯನಗರದ ಛತ್ರವೊಂದರಲ್ಲಿ ನೆಂಟರ ಮದುವೆ. ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು. ನಡುವೆ ಅತ್ತೆ ಸರಸ್ವತಮ್ಮ. ಅವರ ವಾಸ ಕಿರಿಯ ಮಗಳ ಮನೆಯಲ್ಲಿ, ಹಬ್ಬ ಮಾತ್ರ ಹಿರಿಯ ಮಗಳ ಮನೆಯಲ್ಲಿ. ಈ ಕುಟುಂಬದಲ್ಲಿ ಅವರ ತೀರ್ಪು ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಮೇಲೆ; ಅಪೀಲು ಹೋದವರು ಯಾರೂ ಬದುಕಿಲ್ಲ.

"ಅಮ್ಮಮ್ಮಾ, ಸೊಂಟ ಹಿಡ್ಕೊಂಡ್ಬಿಟ್ಟಿದೆ. ಮನೆಗೆ ಹೋಗಿ ನಾಕು ಚೊಂಬು ಬಿಸಿನೀರು ಹುಯ್ಕೋಬೇಕು," ಎಂದರು ಅತ್ತೆ.

ಶಿವರಾಮ ಜುಬ್ಬಾದ ಜೇಬಿನಿಂದ ಫೋನ್ ತೆಗೆದ. ಹೆಬ್ಬೆರಳಿನಿಂದ ಒಂದೇ ಸಲ ಮುಟ್ಟಿದ. "ಗೀಸರ್ ಆನ್ ಆಯ್ತು ಅತ್ತೆ."

"ಎಲ್ಲಿ?"

"ನಮ್ಮನೇಲಿ."

"ಇಲ್ಲಿಂದಾನೇ?!"

"ಸ್ಮಾರ್ಟ್ ಪ್ಲಗ್ ಅತ್ತೆ, ನಿನ್ನೆ ತಾನೇ ಹಾಕಿಸ್ದೆ. ಗೋಡೆ ಸಾಕೆಟ್ಟಿಗೆ ಅದನ್ನ ಚುಚ್ಚಿ, ಅದಕ್ಕೆ ಗೀಸರ್ ಚುಚ್ಚೋದು. ಆಮೇಲೆ ನಾನು ಕಾಶೀಲಿದ್ರೂ ನಿಮಗೆ ಮನೇಲಿ ಬಿಸಿನೀರು ರೆಡಿ."

ಅತ್ತೆ ಸುತ್ತಲಿನವರನ್ನೆಲ್ಲ ನೋಡಿ, ಕೊನೆಗೆ ಹಿರಿಯ ಅಳಿಯನ ಕಡೆ ತಿರುಗಿದರು. "ಹೋದ ವರ್ಷ ಇವರ ಮನೇಲಿ ನಾನು ಬಚ್ಚಲಿಂದ 'ಗೀಸರ್ ಹಾಕ್ರೋ' ಅಂತ ಕೂಗಿ ಕೂಗಿ ಗಂಟಲು ಬಿದ್ದುಹೋಯ್ತು. ಅಳಿಯಂದ್ರು ಕ್ರಿಕೆಟ್ ನೋಡ್ತಿದ್ರು. ಈ ಸಲ ಹಬ್ಬ ಪುಟ್ಟೇನಹಳ್ಳೀಲೇ."

ಸೀತಾಲಕ್ಷ್ಮಿಯ ಕಣ್ಣು ತುಂಬಿತು. ಹಿರಿಯ ಮಗಳ ಮನೆ ಬಿಟ್ಟು ಅಮ್ಮ ಕಿರಿಯವಳ ಮನೆಯಲ್ಲಿ ಎಣ್ಣೆನೀರು ಹಾಕಿಸಿಕೊಳ್ಳುವುದೆಂದರೆ, ಅದನ್ನು ನೆಂಟರೆಲ್ಲ ಮುಂದಿನ ಮೂರು ತಲೆಮಾರು ಆಡಿಕೊಳ್ಳುವ ವಿಷಯ. ಹೆಂಡತಿಯ ಕಣ್ಣೀರು, ಷಡ್ಡಕನ ಹೆಬ್ಬೆರಳು, ಎರಡನ್ನೂ ಒಟ್ಟಿಗೆ ಕಂಡ ಗುಂಡಣ್ಣನವರ ಬಾಯಿ ಅವರನ್ನು ಕೇಳದೆ ತೆರೆದುಕೊಂಡಿತು.

"ನಮ್ಮನೇಲೂ ಇದೆ ಅತ್ತೆ, ಸ್ಮಾರ್ಟ್ ಪ್ಲಗ್ಗು!"

"ಹೌದಾ ಭಾವ? ನಮ್ಮನೇದು ಮಾತೂ ಆಡತ್ತೆ. ಹಾಲಲ್ಲಿ ಒಂದು ಡಬ್ಬಿ ಇದೆ, ಗೀಸರ್ ಹಾಕು ಅಂದ್ರೆ 'ಓಕೆ' ಅಂತಾಳೆ. ನಿಮ್ದು ಮಾತಾಡತ್ತಾ?"

"ಮಾತಾಡತ್ತಾ ಅಂದ್ರೆ! ಬಾಯೇ ಮುಚ್ಚಲ್ಲ. ಅದೂ ಅಚ್ಚ ಕನ್ನಡ!"

ಅತ್ತೆ ಎಲೆಯ ತೊಟ್ಟು ಮುರಿದು ತೀರ್ಪು ಕೊಟ್ಟರು. "ಹಾಗಾದ್ರೆ ಹಿರಿಯೋರ ಮನೇಲೇ ಎಣ್ಣೆನೀರು. ಆದ್ರೆ ಒಂದ್ಮಾತು. ಅಲ್ಲಿ ಏನಾದ್ರೂ ಎಡವಟ್ಟಾಯ್ತೋ, ಶಿವರಾಮು ಬಂದು ಕರ್ಕೊಂಡ್ ಹೋಗ್ತಾರೆ. ಇನ್ಮೇಲೆ ಹಬ್ಬ ಹರಿದಿನ ಎಲ್ಲಾ ಪುಟ್ಟೇನಹಳ್ಳೀಲೇ. ಸೀತು, ಆಮೇಲೆ ಅಳಬಾರದು."

ಆಟೋ ಹತ್ತಿದ ಮೇಲೆ ಸೀತಾಲಕ್ಷ್ಮಿ ಮೆಲ್ಲಗೆ ಕೇಳಿದರು. "ರೀ, ನಮ್ಮನೇಲಿ ಎಲ್ಲಿದೆ ಆ ಪ್ಲಗ್ಗು?"

"ಫೋರ್ತ್ ಬ್ಲಾಕಿನಲ್ಲಿದೆ. ಆಟೋದವ್ರೇ, ಹಾಗೇ ಎಡಕ್ಕೆ ತಗೊಳ್ಳಿ!"

ಫೋರ್ತ್ ಬ್ಲಾಕಿನ ಎಲೆಕ್ಟ್ರಿಕಲ್ ಅಂಗಡಿಯ ಪಿಳ್ಳಣ್ಣ ಗೀಸರಿಗೆ ತಕ್ಕ ದಪ್ಪ ಸ್ಮಾರ್ಟ್ ಪ್ಲಗ್ಗನ್ನು ತಂದು ಗಾಜಿನ ಮೇಲೆ ಇಟ್ಟ.

"ಇದು ಮಾತಾಡತ್ತೇನಪ್ಪ?"

"ಪ್ಲಗ್ ಯಾಕ್ ಸಾರ್ ಮಾತಾಡತ್ತೆ? ಮಾತಾಡೋ ಡಬ್ಬಿ ಬೇರೆ ಬರತ್ತೆ. ಇಂಗ್ಲಿಷಲ್ಲಿ ಮಾತಾಡತ್ತೆ."

"ಇಂಗ್ಲಿಷ್ ಬೇಡ. ಕನ್ನಡದಲ್ಲಿ ಮಾತಾಡೋದು ಏನಿದೆ ನಿನ್ನ ಅಂಗಡೀಲಿ?"

ಪಿಳ್ಳಣ್ಣ ತಲೆ ಕೆರೆದುಕೊಂಡು, ಮೇಲಿನ ಶೆಲ್ಫಿನಿಂದ ಧೂಳು ಹಿಡಿದ ಕಾಲಿಂಗ್ ಬೆಲ್ ಇಳಿಸಿ ಗುಂಡಿ ಒತ್ತಿದ. ಒಳಗಿನಿಂದ ಜೇನು ಸವರಿದಂಥ ಹೆಣ್ಣಿನ ಧ್ವನಿ ಬಂತು. "ದಯವಿಟ್ಟು ಬಾಗಿಲು ತೆಗೆಯಿರಿ."

ಗುಂಡಣ್ಣನವರು ಯೋಚಿಸಿದರು. ಬಚ್ಚಲಿಗೂ ಬಾಗಿಲು ಇದೆ. ನೀರು ಕಾಯುತ್ತಿದೆ, ಬಾಗಿಲು ತೆಗೆದು ಒಳಗೆ ಬನ್ನಿ ಎಂದು ಗೀಸರೇ ಕರೆದ ಹಾಗಾಯಿತು. ಶಿವರಾಮನ ಡಬ್ಬಿಯ ಒಣ 'ಓಕೆ' ಎಲ್ಲಿ, ದಯವಿಟ್ಟು ಎನ್ನುವ ಈ ಸಂಸ್ಕಾರ ಎಲ್ಲಿ!

"ಇದನ್ನ ಆ ಪ್ಲಗ್ಗಿನೊಳಗೆ ಸೇರಿಸ್ತೀನಿ," ಎಂದರು.

"ಅಯ್ಯೋ, ಪ್ಲಗ್ ಬಿಚ್ಚಬೇಡಿ ಸಾರ್, ವಾರಂಟಿ ಹೋಗತ್ತೆ!"

"ಅತ್ತೆ ಎದುರು ಮಾನ ಹೋಗ್ತಿದೆ, ನಿನ್ನ ವಾರಂಟಿ ಯಾವ ಲೆಕ್ಕಾನಯ್ಯ? ಕಟ್ಟಿಕೊಡು."

ಗುಂಡಣ್ಣನವರು ಇಡೀ ಆಯುಷ್ಯ ದುಡಿದದ್ದು ಟೆಲಿಫೋನ್ ಇಲಾಖೆಯಲ್ಲಿ ಎಂಬುದನ್ನು ಇಲ್ಲಿ ಹೇಳಬೇಕು. ವೈರನ್ನು ಅವರು ಮುಟ್ಟಿದ್ದಿಲ್ಲ. ವೈರು ಮುಟ್ಟುವವರ ರಜಾ ಅರ್ಜಿಗಳನ್ನು ಮುಟ್ಟಿದ್ದರು. ಆದರೆ ಅಷ್ಟು ಅರ್ಜಿ ಮುಟ್ಟಿದ ಕೈಗೆ ವಿದ್ಯೆ ಹತ್ತದೆ ಇರುತ್ತದೆಯೇ? ಊಟದ ಮೇಜಿನ ಮೇಲೆ ಹಳೇ ಪಂಚೆ ಹಾಸಿದರು. ಪ್ಲಗ್ಗನ್ನು ಅಂಗಾತ ಮಲಗಿಸಿದರು. ಹೃದಯದ ಆಪರೇಷನ್ನಿಗೆ ನಿಂತ ದೊಡ್ಡಾಸ್ಪತ್ರೆಯ ಸರ್ಜನ್ ಕೂಡ ಅಂಥ ಮುಖ ಮಾಡಿರಲಾರ.

"ಸೀತಾ, ಸ್ಕ್ರೂಡ್ರೈವರ್!"

ಸೀತಾಲಕ್ಷ್ಮಿ ಕೊಟ್ಟರು.

"ಸೋಲ್ಡರಿಂಗ್ ಕಡ್ಡಿ!"

"ರೀ, ಪಕ್ಕದಲ್ಲಿ ಹುಳಿಯ ಪಾತ್ರೆ ಇದೆ, ನೋಡ್ಕೊಂಡು."

ಮುಚ್ಚಳ ಬಿಚ್ಚಿದರೆ ಒಳಗೆ ಬೆರಳುದ್ದದ ಹಸಿರು ಹಲಗೆ, ಅದರ ಮೇಲೆ ಕರೆಂಟನ್ನು ಬಿಡುವ ಕಟ್ಟುವ ಸಣ್ಣದೊಂದು ಕರಿ ಪೆಟ್ಟಿಗೆ. "ಇಷ್ಟೇನಾ! ಇಷ್ಟಕ್ಕಾ ಆ ಶಿವರಾಮ ಛತ್ರದಲ್ಲಿ ಹಾಗೆ ಮೆರೆದಿದ್ದು!" ಎಂದು ಗುಂಡಣ್ಣನವರು ನಕ್ಕರು. ಗೀಸರಿಗೆ ಕರೆಂಟು ಹರಿದಾಗ ಬೆಲ್ಲಿಗೂ ಹರಿಯಬೇಕು, ಅವರ ಸಿದ್ಧಾಂತ ಇಷ್ಟೇ. ಎರಡು ವೈರು ಬೆಸೆದರು. ಹೊಗೆ ಎದ್ದಿತು; ಎದುರು ಮನೆಯವರು ಹೋಮವೆಂದುಕೊಂಡು ಕೈಮುಗಿದರಂತೆ. ಬೆಲ್ಲಿನ ಸ್ಪೀಕರನ್ನು ಬೀದಿಗೂ ಕೇಳಲಿ ಎಂದು ಬಚ್ಚಲ ಗವಾಕ್ಷಿಯಲ್ಲಿ ಹೊರಮುಖವಾಗಿ ಕಟ್ಟಿದರು. ಪ್ಲಗ್ಗನ್ನು ಮುಚ್ಚಿದಾಗ ಒಂದು ಸ್ಕ್ರೂ ಉಳಿಯಿತು. "ಕಂಪ್ನಿಯೋರು ಒಂದು ಜಾಸ್ತಿ ಹಾಕಿರ್ತಾರೆ," ಎಂದು ಅದನ್ನು ಕಿಟಕಿಯಾಚೆ ಎಸೆದು, ಬಾಯಿ ಬಿಟ್ಟುಕೊಂಡ ಜಾಗಕ್ಕೆ ಕಪ್ಪು ಟೇಪು ಸುತ್ತಿದರು. ಪ್ಲಗ್ಗು ಲಾರಿಗೆ ಸಿಕ್ಕಿ ಆಸ್ಪತ್ರೆ ಸೇರಿದವನಂತೆ ಕಾಣುತ್ತಿತ್ತು.

ಆದರೆ ಕೆಲಸ ಮಾಡಿತು! ಫೋನ್ ಮುಟ್ಟಿದರೆ ಗೀಸರಿನ ಕೆಂಪು ದೀಪ ಹತ್ತಿತು, ಗವಾಕ್ಷಿಯಿಂದ ಜೇನು ಸುರಿಯಿತು. "ದಯವಿಟ್ಟು ಬಾಗಿಲು ತೆಗೆಯಿರಿ." ಒಂದೇ ತೊಡಕು. ಮನೆಗೆ ಬಂದ ನೆಂಟರು ಬೆಲ್ ಒತ್ತಿ ಕೈ ತೆಗೆಯುತ್ತಾರೆ, ಅವಳು ಒಮ್ಮೆ ಹೇಳಿ ಸುಮ್ಮನಾಗುತ್ತಾಳೆ. ಇಲ್ಲಿ ಗೀಸರ್ ಉರಿಯುವಷ್ಟು ಹೊತ್ತೂ ಗುಂಡಿ ಒತ್ತಿ ಹಿಡಿದ ಹಾಗೆ. ಆದ್ದರಿಂದ ನೀರು ಕಾಯುವ ತನಕ ಅವಳು ಉಸಿರು ಬಿಡದೆ ಬೇಡುತ್ತಲೇ ಇದ್ದಳು.

"ಬಾಯೇ ಮುಚ್ಚಲ್ಲ ಅಂತ ಛತ್ರದಲ್ಲೇ ಹೇಳಿರ್ಲಿಲ್ವಾ?" ಎಂದು ಗುಂಡಣ್ಣನವರು ಬೀಗಿದರು.

ಹಬ್ಬಕ್ಕೆ ತಾಲೀಮು ಬೇಡವೇ? ಮರುದಿನದಿಂದ ದಿನಾ ನಸುಕಿನಲ್ಲೇ, ಹಾಸಿಗೆಯಿಂದಲೇ ಗುಂಡಣ್ಣನವರು ಫೋನ್ ಮುಟ್ಟತೊಡಗಿದರು. ಪಕ್ಕದ ಮನೆಯಲ್ಲಿ ಚೂಡಾಮಣಿ ಇದ್ದರು. ನಿವೃತ್ತ ಹೆಡ್‌ಮಿಸ್. ಅವರ ಕಿವಿಗೆ ಬಿದ್ದದ್ದು ಕಾಫಿ ಸೋಸುವಷ್ಟರಲ್ಲಿ ತ್ಯಾಗರಾಜನಗರಕ್ಕೆಲ್ಲ ತಲುಪುತ್ತಿತ್ತು; ಪೇಪರಿನವರು ಅವರ ಮೇಲೆ ಕರುಬುತ್ತಿದ್ದರು. ಅವರು ಕಿಟಕಿಗೆ ಕಿವಿ ಕೊಟ್ಟರೆ, ಗುಂಡಣ್ಣನವರ ಮನೆಯ ಕಡೆಯಿಂದ ಯಾರೋ ಹೆಂಗಸು ಬಾಗಿಲು ತೆಗೆಯಿರೆಂದು ಗೋಗರೆಯುತ್ತಿದ್ದಾಳೆ! ಹೊರಗೆ ಬಂದು ನೋಡಿದರೆ ಸೀತಾಲಕ್ಷ್ಮಿ ನೆಮ್ಮದಿಯಾಗಿ ರಂಗೋಲಿ ಬಿಡುತ್ತಿದ್ದಾರೆ.

ಅಂದರೆ ಬಾಗಿಲ ಹಿಂದಿರುವವಳು ಇನ್ನೊಬ್ಬಳು.

ಬೀದಿಯಲ್ಲಿ ಮನೆಗೆಲಸ ಮಾಡುವ ಯಲ್ಲವ್ವನೂ ಸಾಕ್ಷಿ ನುಡಿದಳು. "ಹೌದ್ರೀ ಮಿಸ್ಸಮ್ಮಾರ, ನಾನೂ ಕೇಳೇನ್ರೀ. ಪಾಪ, ದಿನಾ ಒಂದಽ ಸವನ ಬೇಡ್ಕೋತಾಳ. ಈ ಅಮ್ಮಾರು ನೋಡಿದ್ರ ಹಾಡ್ಕೋಂತ ರಂಗೋಲಿ ಹಾಕ್ತಾರ!"

ಚೂಡಾಮಣಿ ಆ ಸಂಜೆಯೇ ಬಂದು ಸೀತಾಲಕ್ಷ್ಮಿಯ ಕೈಹಿಡಿದರು. "ಎಲ್ಲಾ ಕೇಳಿಸ್ಕೊಂಡೆ ಕಣೇ. ಧೈರ್ಯ ತಂದ್ಕೋ. ಹೇಗೆ ಸಹಿಸ್ತಿದ್ದೀಯ?"

"ಏನ್ಮಾಡೋದು ಮಿಸ್, ಅವ್ರು ಆಸೆಪಟ್ಟು ತಂದಿದ್ದು. ಅಮ್ಮ ಬರ್ತಾರಲ್ಲ, ಅವರಿಗೂ ತೋರಿಸ್ಬೇಕಂತೆ. ಕರೆಂಟ್ ಬಿಲ್ ನೆನೆಸ್ಕೊಂಡ್ರೇನೇ ಭಯ."

ಚೂಡಾಮಣಿ ಹಿಡಿದಿದ್ದ ಕೈ ಬಿಟ್ಟು, ಸುದ್ದಿ ಹೊತ್ತುಕೊಂಡು ಪಾರ್ಕಿನ ಕಡೆ ನಡೆದರು.

ಪಾರ್ಕಿನಲ್ಲಿ ಬೆಳಗಿನ ನಡಿಗೆಯ ಗಂಡಸರು ಗುಂಡಣ್ಣನವರನ್ನು ಕಂಡು ಮಾತು ನಿಲ್ಲಿಸತೊಡಗಿದರು. ಕೆಲವರು ಹೊಟ್ಟೆಯನ್ನು ಒಳಗೆ ಎಳೆದುಕೊಂಡು ನಿಟ್ಟುಸಿರು ಬಿಟ್ಟರು. ಹೊಟ್ಟೆಕಿಚ್ಚಿನ ವಿಷಯದಲ್ಲಿ ಗುಂಡಣ್ಣನವರಿಗೆ ಇದ್ದ ಪಾಂಡಿತ್ಯ ಯಾರಿಗಿತ್ತು? ಆ ನೋಟಗಳ ಜಾತಿಯನ್ನು ಒಂದೇ ಏಟಿಗೆ ಗುರುತು ಹಿಡಿದರು. ಇಷ್ಟು ವರ್ಷ ತಾವು ಪರರಿಗೆ ದಾನ ಮಾಡಿದ್ದೆಲ್ಲ ಈಗ ಬಡ್ಡಿಸಮೇತ ತಮಗೇ ಬರುತ್ತಿದೆ ಎಂದು ಅವರ ಎದೆ ಉಬ್ಬಿತು. ಒಂದು ಪ್ಲಗ್ಗಿಗೆ ಇಷ್ಟು ಮರ್ಯಾದೆಯೇ!

ಯಡಿಯೂರಿನ ಹಳೇ ಜಮೀನುದಾರ, ಈಗ ಸಾಲುಮನೆಗಳ ಬಾಡಿಗೆಯಲ್ಲಿ ಕಾಲ ಹಾಕುವ ಬೈರಣ್ಣ ತಡೆಯಲಾರದೆ ಹತ್ತಿರ ಬಂದರು.

"ಸಾಮೀ, ಬೇಜಾರ್ ಮಾಡ್ಕೋಬೇಡಿ. ಬೆಳಗ್ಗೆ ಬೆಳಗ್ಗೆ ನಿಮ್ಮನೇಲಿ ಏನೋ ದನಿ ಕೇಳಿಸ್ತದಂತಲ್ಲ..."

"ನಿಮಗೂ ಗೊತ್ತಾಯ್ತಾ! ಹೇಗಂತೆ ದನಿ?"

"ಸಖತ್ತಾಗೈತೆ ಅಂತಾರಪ್ಪ. ಮನೇಲಿ ಅಮ್ಮಾವ್ರು ಒಪ್ಕೊಂಡ್ರಾ?"

"ಒಪ್ಕೊಳ್ಳೋದೇನು, ನಾನು ಕೆಲಸ ಮಾಡೋವಾಗ ಪಕ್ಕದಲ್ಲೇ ನಿಂತು ಬೇಕಾದ್ದು ಎತ್ತಿಕೊಟ್ಟಳು."

ಬೈರಣ್ಣ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟರು. "ಮತ್ತೆ... ಎಲ್ಲಿ ಮಡಗಿದ್ದೀರಾ?"

"ಬಚ್ಚಲಲ್ಲಿ."

"ಬಚ್ಚಲಲ್ಲಾ!"

"ಇನ್ನೆಲ್ಲಿ ಇಡೋದು? ನಮ್ಮ ಷಡ್ಡಕನ ಮನೇಲೂ ಒಬ್ಬಳಿದ್ದಾಳೆ, ಹಾಲಲ್ಲೇ ಕೂತಿರ್ತಾಳೆ. ಆದ್ರೆ ಬರೀ ಇಂಗ್ಲಿಷು. ನಮ್ಮತ್ತೆಗೆ ನಮ್ಮನೇದೇ ಇಷ್ಟ ಆಗೋದು, ನೋಡ್ತಿರಿ."

"ಇಬ್ರು ಷಡ್ಡಕರ ಮನೇಲೂನಾ? ಅತ್ತೆ ಬಂದು ನೋಡ್ತಾರಾ?" ಬೈರಣ್ಣನವರ ಕಣ್ಣಿನಲ್ಲಿ ನೀರಾಡಿತು. ತಮ್ಮ ಹೆಂಡತಿ ಮಂಗಮ್ಮ ತಮಗೆ ಹೋಟೆಲಿನಲ್ಲಿ ಎರಡನೇ ವಡೆಗೂ ಬಿಡುವುದಿಲ್ಲವೆಂಬುದು ಅವರಿಗೆ ನೆನಪಾಯಿತು. ಆ ಸಂಕಟವನ್ನು ನುಂಗಲಾರದೆ ನೇರ ಚೂಡಾಮಣಿಯವರ ಮನೆಗೆ ಹೋಗಿ, "ಮಿಸ್, ಇದನ್ನ ಬಿಡಬಾರದು. ಆ ಯಮ್ಮನ್ನ ಬಚ್ಚಲಲ್ಲಿ ಕೂಡಾಕವ್ರೆ. ಪೊಲೀಸ್ಗೆ ಹೇಳಲೇಬೇಕು!" ಎಂದರು. ಸಮಾಜಸೇವೆಗೆ ಹೊಟ್ಟೆಕಿಚ್ಚಿಗಿಂತ ದೊಡ್ಡ ಪ್ರೇರಣೆ ಈ ದೇಶದಲ್ಲಿ ಇನ್ನೂ ಸಿಕ್ಕಿಲ್ಲ.

ಇತ್ತ ಸರಸ್ವತಮ್ಮನವರ ಆಗಮನವಾಯಿತು. ಅಂದು ಸಂಜೆ ನೀರು ತುಂಬುವ ಹಬ್ಬ. ಮೊದಲಾದರೆ ಬಚ್ಚಲ ಹಂಡೆಯನ್ನು ತೊಳೆದು, ನೀರು ತುಂಬಿ, ಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದರು. ಈಗ ಹಂಡೆಯ ಸ್ಥಾನದಲ್ಲಿ ಗೀಸರ್ ತೂಗುತ್ತದೆ; ದೇವರು ಬದಲಾದರೂ ಪೂಜೆ ತಪ್ಪಬಾರದು. ಸೀತಾಲಕ್ಷ್ಮಿ ಸ್ಟೂಲು ಹತ್ತಿ ಗೀಸರಿಗೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ರವಿಕೆ ಕಣ ಉಡಿಸಿದರು.

"ಸೀತು, ಆ ಕರೀ ಬ್ಯಾಂಡೇಜಿಂದು ಯಾವುದು?"

"ಅದೇ ಅಮ್ಮ, ಸ್ಮಾರ್ಟ್ ಪ್ಲಗ್ಗು."

"ನೀರು ಕಾಯ್ಸೋದು ಅದೇ ಅಂದ್ಮೇಲೆ ಅದಕ್ಕೂ ಇಡು. ಒಣಗಿದ್ದು ಉದುರ್ಹೋಗತ್ತೆ, ಚೆನ್ನಾಗಿ ನೀರಲ್ಲಿ ಕಲಸಿ ಇಡು."

ಸೀತಾಲಕ್ಷ್ಮಿ ಧಾರಾಳವಾಗಿ ಕಲಸಿ, ಧಾರಾಳವಾಗಿ ಬಳಿದರು. ಸ್ಕ್ರೂ ಇರಬೇಕಾದ ತೂತಿನಿಂದ ಕುಂಕುಮದ ನೀರು ಪ್ಲಗ್ಗಿನ ಹೊಟ್ಟೆಗೆ ನಿಧಾನವಾಗಿ ಇಳಿಯಿತು.

ನರಕ ಚತುರ್ದಶಿಯ ನಸುಕು. ನಡುಮನೆಯಲ್ಲಿ ಮಣೆ. ಮಣೆಯ ಮೇಲೆ ಅತ್ತೆ. ನೆತ್ತಿಗೆ ಸುರಿದ ಎಣ್ಣೆ ಕಣ್ಣಿಗಿಳಿದು, ಅವರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಎಡವಟ್ಟಾದರೆ ಎತ್ತಿಕೊಂಡು ಹೋಗಲೆಂದು ಶಿವರಾಮ, ವಿಭಾ ಆಗಲೇ ಕಾರಿನಲ್ಲಿ ಬಂದು ಸೋಫಾದ ತುದಿಯಲ್ಲಿ ಕುಳಿತಿದ್ದರು. ಗುಂಡಣ್ಣನವರು ರೇಷ್ಮೆ ಪಂಚೆ ಉಟ್ಟು, ಷಡ್ಡಕನಿಗೆ ಕಾಣುವಂತೆ ಫೋನನ್ನು ಎತ್ತಿ ಹಿಡಿದು, ಹೆಬ್ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಇಳಿಸಿದರು.

"ದಯವಿಟ್ಟು ಬಾಗಿಲು ತೆಗೆಯಿರಿ."

ಶಿವರಾಮನ ಬಾಯಿ ತೆರೆದುಕೊಂಡಿತು. "ಭಾವ! ಎಷ್ಟು ಮರ್ಯಾದೆಯಾಗಿ ಮಾತಾಡತ್ತೆ! ಎಲ್ಲಿ ಸಿಗತ್ತೆ ಇದು?" ಅವನ ಮುಖ ಹಸಿ ಹಾಗಲಕಾಯಿಯ ಬಣ್ಣಕ್ಕೆ ತಿರುಗಿತು. ಗುಂಡಣ್ಣನವರು ಆ ಬಣ್ಣವನ್ನು ಕಣ್ಣಿನಿಂದ ಕುಡಿದರು. ಅಷ್ಟರಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡೇ ಮಣೆಯಿಂದ ಅರ್ಧ ಎದ್ದರು.

"ಅಯ್ಯೋ, ಯಾರೋ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಾಳಲ್ಲೋ! ಹಬ್ಬದ ದಿನ ಮುತ್ತೈದೆಯನ್ನ ಹೊರಗೆ ನಿಲ್ಲಿಸ್ತಾರಾ? ತೆಗೀರಿ, ಅಳಿಯಂದ್ರೇ!"

"ಅತ್ತೆ, ಅದು ಗೀಸರು—"

"ಮುತ್ತೈದೆಯನ್ನ ಗೀಸರ್ ಅಂತೀರಾ? ತೆಗೀರಿ ಅಂದೆ!"

ಅತ್ತೆಯ ಸಮಾಧಾನಕ್ಕೆಂದು ಗುಂಡಣ್ಣನವರು ಬೀದಿಬಾಗಿಲು ತೆಗೆದರು. ತೆಗೆದರೆ, ನಿಜವಾಗಿಯೂ ಹೆಣ್ಣುಮಗಳು! ಹೆಡ್ ಕಾನ್ಸ್‌ಟೇಬಲ್ ತೇಜಸ್ವಿನಿ, ಕೈಯಲ್ಲಿ ಲಾಠಿ. ಹಿಂದೆ ಚೂಡಾಮಣಿ, ಬೈರಣ್ಣ, ಯಲ್ಲವ್ವ. ಅವರ ಹಿಂದೆ ಇಡೀ ಬೀದಿ, ಅರ್ಧದಷ್ಟು ಜನ ಎಣ್ಣೆ ತಲೆಯಲ್ಲೇ. ಗೇಟಿನಾಚೆ ಪೊಲೀಸರ ಹೊಯ್ಸಳ ಗಾಡಿ.

"ಯಾರ್ರೀ ಗುಂಡಣ್ಣ? ಯಾವ ಹೆಂಗಸನ್ನ ಕೂಡಿಹಾಕಿದ್ದೀರಾ?"

"ನಾನಾ? ಹೆಂಗಸನ್ನಾ?"

ಒಳಗಿನಿಂದ ಜೇನು ಸುರಿಯಿತು. "ದಯವಿಟ್ಟು ಬಾಗಿಲು ತೆಗೆಯಿರಿ."

"ಕೇಳ್ಕೊಳ್ಳಿ ಮೇಡಂ!" ಎಂದು ಬೈರಣ್ಣ ಕೂಗಿದರು. "ಬಚ್ಚಲಲ್ಲಿ ಅಂತ ಅವರ ಬಾಯಲ್ಲೇ ಒಪ್ಕೊಂಡವ್ರೆ!"

"ಮೇಡಂ, ಅದು ಪ್ಲಗ್ಗು! ನೋಡಿ, ಈಗಲೇ ಆಫ್ ಮಾಡ್ತೀನಿ." ಗುಂಡಣ್ಣನವರು ಫೋನ್ ಮುಟ್ಟಿದರು. ಆಫ್ ಆಗಲಿಲ್ಲ. ತಿವಿದರು. ಗುದ್ದಿದರು. ಕುಂಕುಮ ಕುಡಿದ ಪ್ಲಗ್ಗು ಒಳಗೆ ಕಚ್ಚಿಕೊಂಡು ಕೂತಿತ್ತು. ನೀರು ಕುದಿಯುವುದರೊಳಗೆ ಅವಳ ದನಿಯೂ ದಪ್ಪಗಾಗಿ, ಅಳುವಿಗೆ ತಿರುಗಿ, "ದಯ... ವಿಟ್ಟು... ಬಾ... ಗಿಲು..." ಎಂದು ಎಳೆಯತೊಡಗಿತು. ಚೂಡಾಮಣಿ ಎದೆ ಹಿಡಿದುಕೊಂಡರು. "ಪ್ರಾಣ ಬಿಡ್ತಿದ್ದಾಳೆ, ಒಡೀರಿ ಬಾಗಿಲು!"

ತೇಜಸ್ವಿನಿ ಒಂದೇ ಒದೆತಕ್ಕೆ ಬಚ್ಚಲ ಬಾಗಿಲು ತೆರೆದರು. ಆ ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ, ಆದರೂ ಒದ್ದರು. ಬೀದಿಗೆ ಬೀದಿಯೇ ಅವರ ಭುಜದ ಮೇಲಿಂದ ಇಣುಕಿತು.

ಒಳಗೆ ಹಣೆತುಂಬ ಕುಂಕುಮ ಇಟ್ಟು, ಹೂ ಮುಡಿದು, ರವಿಕೆ ಕಣ ಉಟ್ಟ ಗೀಸರು ಒಬ್ಬಳೇ ತೂಗುತ್ತಿದ್ದಳು. ಪಕ್ಕದಲ್ಲಿ ಪ್ಲಗ್ಗಿನಿಂದ ಒಂದು ನೀಲಿ ಕಿಡಿ ಹಾರಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟು, ಅವಳ ದನಿ ಶಾಶ್ವತವಾಗಿ ನಿಂತಿತು.

ತೇಜಸ್ವಿನಿ ಮೇನ್ ಸ್ವಿಚ್ ಆರಿಸಿ ಬಂದು, ಗುಂಡಣ್ಣನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸಾರ್, ಸರ್ವೀಸಲ್ಲಿ ಎಂತೆಂಥ ಕೇಸು ನೋಡಿದ್ದೀನಿ. ಗೀಸರನ್ನ ರಕ್ಷಣೆ ಮಾಡಿದ್ದು ಇದೇ ಮೊದಲು."

ಬೈರಣ್ಣ ಗೀಸರನ್ನು ನೋಡಿದರು, ಗುಂಡಣ್ಣನವರನ್ನು ನೋಡಿದರು, ಮತ್ತು ಬಹಳ ದಿನಗಳ ನಂತರ ಹೊಟ್ಟೆ ತುಂಬ ಉಸಿರಾಡಿದರು.

ಸೋಫಾದಿಂದ ಶಿವರಾಮ ಎದ್ದ. ಹಾಗಲಕಾಯಿಯ ಬಣ್ಣ ಇಳಿದು ಮುಖ ಮಾವಿನಹಣ್ಣಾಗಿತ್ತು. "ಅತ್ತೆ, ಹೊರಡೋಣ್ವಾ? ನಮ್ಮನೇಲಿ ನೀರು ಕಾದಿದೆ. ಈಗ ತಾನೇ ಆನ್ ಮಾಡ್ದೆ."

ಸೀತಾಲಕ್ಷ್ಮಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಗುಂಡಣ್ಣನವರು ಗೋಡೆಗೆ ಒರಗಿದರು. ಎಲ್ಲ ಮುಗಿಯಿತು. ಇನ್ನು ಪ್ರತಿ ಹಬ್ಬಕ್ಕೂ ಪುಟ್ಟೇನಹಳ್ಳಿಗೆ ಹೋಗಿ, ಆ ಹೆಬ್ಬೆರಳನ್ನು ನೋಡುತ್ತ ಹೋಳಿಗೆ ನುಂಗಬೇಕು.

ಅತ್ತೆ ಎಣ್ಣೆ ಒರೆಸಿಕೊಂಡು ಕಣ್ಣು ಬಿಟ್ಟರು. ನಡುಮನೆ ತುಂಬ ಜನ. "ಇವರೆಲ್ಲ ಯಾಕೆ ಬಂದಿದ್ದಾರೆ?"

"ಯಾರೋ ಹೆಂಗಸು ಕಷ್ಟದಲ್ಲಿದ್ದಾಳೆ ಅಂದ್ಕೊಂಡು ಓಡಿಬಂದ್ವಿ ಅಮ್ಮ," ಎಂದರು ಚೂಡಾಮಣಿ, ತಲೆ ತಗ್ಗಿಸಿ.

"ಒಬ್ಬಳು ಬಾಗಿಲು ತೆಗೀರಿ ಅಂದಿದ್ದಕ್ಕೆ ಇಷ್ಟು ಜನವಾ? ಎಣ್ಣೆ ತಲೇಲಿ? ಪೊಲೀಸ್ ಕರ್ಕೊಂಡು?"

ಸರಸ್ವತಮ್ಮ ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ಕಿರಿಯ ಅಳಿಯನ ಕಡೆ ತಿರುಗಿದರು. "ಶಿವರಾಮು, ನಿಮ್ಮ ಫ್ಲಾಟಿನಲ್ಲಿ ಹೋದ ತಿಂಗಳು ನಾನು ಲಿಫ್ಟಲ್ಲಿ ಸಿಕ್ಕಾಕ್ಕೊಂಡು ಕಿರುಚಿದಾಗ ಯಾರು ಬಂದ್ರು? ಎದುರು ಮನೆಯವನು ಕಿವಿಗೆ ಅದೇನೋ ಚುಚ್ಕೊಂಡು ಮೆಟ್ಟಿಲಲ್ಲಿ ಇಳಿದುಹೋದ. ಇಲ್ಲಿ ಗೀಸರ್ 'ಅಯ್ಯೋ' ಅಂದ್ರೂ ಬೀದಿಗೆ ಬೀದೀನೇ ಬರತ್ತೆ! ಇಂಥ ಜಾಗ ಬಿಟ್ಟು ನಾನ್ಯಾಕೆ ಬರ್ಲಿ? ಸೀತು, ಗ್ಯಾಸಿನ ಮೇಲೆ ನೀರಿಡು. ಪೊಲೀಸಮ್ಮನಿಗೆ, ಎಲ್ಲಾರಿಗೂ ಅರಿಶಿನ ಕುಂಕುಮ ಕೊಡು, ಕಜ್ಜಾಯ ತಾ. ನಾನು ಇಲ್ಲೇ ಇರ್ತೀನಿ."

"ಹಬ್ಬ ಮುಗಿಯೋ ತನಕಾನಾ ಅತ್ತೆ?" ಎಂದ ಶಿವರಾಮ.

"ಇನ್ಮೇಲೆ. ನನ್ನ ಪೆಟ್ಟಿಗೆ, ಮಂಚ, ದೇವರ ಮಂಟಪ ಎಲ್ಲಾ ನಾಳೆ ಇಲ್ಲಿಗೆ ಕಳಿಸ್ಬಿಡಿ."

ಸೀತಾಲಕ್ಷ್ಮಿ ಅಮ್ಮನನ್ನು ಎಣ್ಣೆಸಮೇತ ಅಪ್ಪಿಕೊಂಡರು. ಗುಂಡಣ್ಣನವರು ಗೋಡೆ ಬಿಟ್ಟು ನೆಟ್ಟಗೆ ನಿಂತರು. ಗೆಲುವು! ಮದುವೆಯಾದಾಗಿನಿಂದ ಕಾದ ಗೆಲುವು! ಷಡ್ಡಕನ ಮುಖ ಬಾಡುವುದನ್ನು ತೃಪ್ತಿಯಾಗಿ ನೋಡಲು ಅವನ ಹಿಂದೆಯೇ ಗೇಟಿನವರೆಗೆ ಹೋದರು.

ಶಿವರಾಮನ ಮುಖ ಬಾಡಿರಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಕಾರಿನ ಬಾಗಿಲು ತೆರೆದು, ಹೆಂಡತಿಯ ಕಿವಿಯಲ್ಲಿ ಹೇಳಿದ್ದು ಗುಂಡಣ್ಣನವರಿಗೆ ಸ್ಪಷ್ಟವಾಗಿ ಕೇಳಿಸಿತು. "ವಿಭಾ, ಹಾಗಾದ್ರೆ ಗೋವಾ ಟಿಕೆಟ್ ಬುಕ್ ಮಾಡ್ಲಾ? ನಾವಿಬ್ರೇ?"

ವಿಭಾ ಹುಡುಗಿಯ ಹಾಗೆ ನಕ್ಕಳು. ಕಾರು ಹೊರಟಿತು.

"ಅಳಿಯಂದ್ರೇ," ಒಳಗಿನಿಂದ ಅತ್ತೆಯ ದನಿ ಬಂತು, "ನಾನು ಬೆಳಗ್ಗೆ ನಾಕಕ್ಕೆ ಸುಪ್ರಭಾತ ಹಾಕ್ತೀನಿ. ರಾತ್ರಿ ಬೇಗ ಮಲಗೋದು ಅಭ್ಯಾಸ ಮಾಡ್ಕೊಳ್ಳಿ. ಆಮೇಲೆ ನಿಮ್ಮ ರೂಮಿಗೆ ಪೂರ್ವದ ಬೆಳಕು ಬರತ್ತೆ, ಅದು ನಂಗಿರ್ಲಿ."

ತಿರುವಿನಲ್ಲಿ ಕಾರು ಮರೆಯಾಗುವವರೆಗೂ ಗುಂಡಣ್ಣನವರು ಗೇಟು ಹಿಡಿದು ನೋಡುತ್ತ ನಿಂತಿದ್ದರು. ಗೋವಾ! ಇಬ್ಬರೇ! ಇಷ್ಟು ವರ್ಷ ಆ ಷಡ್ಡಕನ ಮೇಲೆ ಅವರು ಪಟ್ಟಿದ್ದೆಲ್ಲ ಬರೀ ತಾಲೀಮು. ನಿಜವಾದ ಹೊಟ್ಟೆಕಿಚ್ಚು ಶುರುವಾದದ್ದು ಆಗ.